ಬೈಂದೂರು ಶಿವಮೊಗ್ಗಕ್ಕೆ, ಕಡೂರು ಹಾಸನಕ್ಕೆ: ಉಡುಪಿ-ಚಿಕ್ಕಮಗಳೂರು ಕ್ಷೇತ್ರದ ಗಡಿ ಹೀಗೇಕೆ?

ಮುಂಬೈ, ಪುಣೆಯ ಹೋಟೆಲುಗಳಲ್ಲಿ ಬೈಂದೂರು ಕಡೆಯವರು ಸಿಕ್ಕರೆ 'ನಿಮ್ಮದು ಯಾವ ಜಿಲ್ಲೆ' ಎಂದು ಕೇಳಿ. ಉಡುಪಿ ಎನ್ನುತ್ತಾರೆ. 'ನಿಮ್ಮ ಸಂಸದರು ಯಾರು' ಎಂದು ಕೇಳಿದರೆ ಉತ್ತರ ಘಟ್ಟ ಹತ್ತಿ ಹೋಗುತ್ತದೆ. ಕಡಲ ದಂಡೆಯ ಬೈಂದೂರು ಸೇರಿರುವುದು ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ. ಮರವಂತೆಯ ಮೀನುಗಾರರೂ ಕೊಲ್ಲೂರಿನ ಮತದಾರರೂ ಲೋಕಸಭೆಗೆ ಆರಿಸುವುದು ಶಿವಮೊಗ್ಗದ ಸಂಸದರನ್ನು.

ಕಡೂರಿನವರದ್ದೂ ಇದೇ ಕಥೆ. ಜಿಲ್ಲೆ ಚಿಕ್ಕಮಗಳೂರು, ಲೋಕಸಭಾ ಕ್ಷೇತ್ರ ಹಾಸನ. ಇತ್ತ ಘಟ್ಟದ ಕೆಳಗಿನ ಉಡುಪಿ ಮತ್ತು ಘಟ್ಟದ ಮೇಲಿನ ಚಿಕ್ಕಮಗಳೂರು ಸೇರಿ ಒಂದೇ ಕ್ಷೇತ್ರ.

2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಎಳೆದ ಗೆರೆಗಳಿವು. ಮೇಲ್ನೋಟಕ್ಕೆ ವಿಚಿತ್ರವಾಗಿ ಕಂಡರೂ ಇದರ ಹಿಂದೆ ಒಂದು ಸರಳ ಲೆಕ್ಕವಿದೆ. ಮುಂದಿನ ಮರುವಿಂಗಡಣೆಯ ಚರ್ಚೆ ಜೋರಾಗಿರುವಾಗ ಆ ಲೆಕ್ಕವನ್ನು ತಿಳಿದುಕೊಳ್ಳುವುದು ಉಪಯುಕ್ತ. ಏಕೆಂದರೆ ಮುಂದಿನ ಬಾರಿ ನಿಮ್ಮ ಊರು ಯಾವ ಕ್ಷೇತ್ರಕ್ಕೆ ಹೋಗುತ್ತದೆ ಎಂಬುದನ್ನು ನಿರ್ಧರಿಸುವುದೂ ಬಹುತೇಕ ಇದೇ ಬಗೆಯ ಲೆಕ್ಕ.

ಹೊಸ ಕ್ಷೇತ್ರ ಹುಟ್ಟಿದ್ದು ಹೇಗೆ?

2008ಕ್ಕೆ ಮೊದಲು ಉಡುಪಿ ಮತ್ತು ಚಿಕ್ಕಮಗಳೂರು ಎರಡು ಪ್ರತ್ಯೇಕ ಲೋಕಸಭಾ ಕ್ಷೇತ್ರಗಳಾಗಿದ್ದವು. ಎರಡಕ್ಕೂ ದೇಶದ ರಾಜಕೀಯದಲ್ಲಿ ಹೆಸರಿತ್ತು. ಉಡುಪಿಯಿಂದ ಟಿ.ಎ. ಪೈ 1977ರಲ್ಲಿ ಗೆದ್ದರು. ಆಸ್ಕರ್ ಫರ್ನಾಂಡಿಸ್ 1980ರಿಂದ 1996ರ ಚುನಾವಣೆವರೆಗೆ ಸತತ ಐದು ಬಾರಿ ಗೆದ್ದರು. ಚಿಕ್ಕಮಗಳೂರಿನಲ್ಲಿ ಡಿ.ಬಿ. ಚಂದ್ರೇಗೌಡರು ರಾಜೀನಾಮೆ ಕೊಟ್ಟು ತೆರವು ಮಾಡಿದ ಸ್ಥಾನಕ್ಕೆ 1978ರಲ್ಲಿ ಉಪಚುನಾವಣೆ ನಡೆಯಿತು. ವೀರೇಂದ್ರ ಪಾಟೀಲರನ್ನು ಸೋಲಿಸಿ ಇಂದಿರಾ ಗಾಂಧಿ ಲೋಕಸಭೆಗೆ ಮರಳಿದ್ದು ಆಗಲೇ.

ಹಳೆಯ ಉಡುಪಿ ಕ್ಷೇತ್ರದ ಕೊನೆಯ ಸಂಸದೆ 2004ರಲ್ಲಿ ಗೆದ್ದ ಮನೋರಮಾ ಮಧ್ವರಾಜ್. ಹಳೆಯ ಚಿಕ್ಕಮಗಳೂರು ಕ್ಷೇತ್ರದ ಕೊನೆಯ ಸಂಸದ ಡಿ.ಸಿ. ಶ್ರೀಕಂಠಪ್ಪ. 2009ರ ಚುನಾವಣೆ ಹೊತ್ತಿಗೆ ಎರಡೂ ಕ್ಷೇತ್ರಗಳು ರದ್ದಾಗಿ, 'ಉಡುಪಿ-ಚಿಕ್ಕಮಗಳೂರು' ಎಂಬ ಒಂದೇ ಕ್ಷೇತ್ರ ಬಂದಿತ್ತು.

ಈ ಬದಲಾವಣೆ ಮಾಡಿದ್ದು ನಿವೃತ್ತ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಮರುವಿಂಗಡಣಾ ಆಯೋಗ. 2002ರ ಕಾಯ್ದೆಯಡಿ ರಚನೆಯಾದ ಈ ಆಯೋಗದ ಆದೇಶ 2008ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ಅದೇ ವರ್ಷ ಮೇ ತಿಂಗಳಲ್ಲಿ ನಡೆದ ಕರ್ನಾಟಕ ವಿಧಾನಸಭಾ ಚುನಾವಣೆಯೇ ಹೊಸ ಗಡಿಗಳ ಮೇಲೆ ನಡೆದ ಮೊದಲ ಚುನಾವಣೆ. ಅದಕ್ಕೆ ಮೊದಲು ಬಳಕೆಯಲ್ಲಿದ್ದ ಗಡಿಗಳು 1971ರ ಜನಗಣತಿಯ ಆಧಾರದಲ್ಲಿ ಎಳೆದವು. ಅಂದರೆ ಮೂರು ದಶಕಗಳ ಕಾಲ ಗೆರೆಗಳು ಅಲುಗಾಡಿರಲಿಲ್ಲ. ಅಷ್ಟರಲ್ಲಿ ರಾಜ್ಯದ ಜನಸಂಖ್ಯೆ 2.93 ಕೋಟಿಯಿಂದ 5.28 ಕೋಟಿಗೆ ಏರಿತ್ತು.

ಎಂಟರ ಲೆಕ್ಕ

ಕರ್ನಾಟಕದಲ್ಲಿ ವಿಧಾನಸಭಾ ಕ್ಷೇತ್ರಗಳು 224, ಲೋಕಸಭಾ ಕ್ಷೇತ್ರಗಳು 28. ಭಾಗಿಸಿದರೆ ಒಂದು ಲೋಕಸಭಾ ಕ್ಷೇತ್ರಕ್ಕೆ ಸರಿಯಾಗಿ 8 ವಿಧಾನಸಭಾ ಕ್ಷೇತ್ರಗಳು. ಹೊಸ ಕ್ಷೇತ್ರದ ಗಡಿ ಅರ್ಥವಾಗಬೇಕಾದರೆ ಈ ಎಂಟನ್ನು ನೆನಪಿಟ್ಟುಕೊಂಡರೆ ಸಾಕು.

ಮರುವಿಂಗಡಣೆಗೆ ಕೆಲವು ನಿಯಮಗಳಿವೆ. ಒಂದು ವಿಧಾನಸಭಾ ಕ್ಷೇತ್ರ ಪೂರ್ತಿಯಾಗಿ ಒಂದೇ ಲೋಕಸಭಾ ಕ್ಷೇತ್ರದೊಳಗೆ ಇರಬೇಕು. ಅದನ್ನು ಕತ್ತರಿಸಿ ಎರಡು ಕಡೆ ಹಂಚುವಂತಿಲ್ಲ. ಸಾಧ್ಯವಾದಷ್ಟು ವಿಧಾನಸಭಾ ಕ್ಷೇತ್ರಗಳು ಜಿಲ್ಲೆಯ ಗಡಿ ದಾಟಬಾರದು. ಕ್ಷೇತ್ರದ ಪ್ರದೇಶ ಒಂದಕ್ಕೊಂದು ತಾಗಿಕೊಂಡಿರಬೇಕು. ಬೆಟ್ಟ, ನದಿಗಳಂಥ ಭೌಗೋಳಿಕ ಲಕ್ಷಣ, ಆಡಳಿತದ ಗಡಿ, ಸಾರಿಗೆ ಸಂಪರ್ಕ, ಜನರ ಅನುಕೂಲ ಇವನ್ನೆಲ್ಲ ಗಮನಿಸಬೇಕು. ಇವೆಲ್ಲದರ ಜೊತೆಗೆ ಕ್ಷೇತ್ರಗಳ ಜನಸಂಖ್ಯೆ ಹೆಚ್ಚು ಕಡಿಮೆ ಒಂದೇ ಆಗಿರಬೇಕು.

ಕೊನೆಯ ನಿಯಮದ ಪ್ರಕಾರ ಮೊದಲು ಸರಾಸರಿ ತೆಗೆಯಬೇಕು. 2001ರ ಜನಗಣತಿಯಂತೆ ರಾಜ್ಯದ 5.28 ಕೋಟಿ ಜನರನ್ನು 224ರಿಂದ ಭಾಗಿಸಿದರೆ ಒಂದು ವಿಧಾನಸಭಾ ಕ್ಷೇತ್ರಕ್ಕೆ ಸುಮಾರು 2.36 ಲಕ್ಷ ಜನ. 28ರಿಂದ ಭಾಗಿಸಿದರೆ ಒಂದು ಲೋಕಸಭಾ ಕ್ಷೇತ್ರಕ್ಕೆ ಸುಮಾರು 18.9 ಲಕ್ಷ.

ಈಗ ಪ್ರತಿ ಜಿಲ್ಲೆಯ ಜನಸಂಖ್ಯೆಯನ್ನು 2.36 ಲಕ್ಷದಿಂದ ಭಾಗಿಸಿದರೆ ಆ ಜಿಲ್ಲೆಗೆ ಎಷ್ಟು ಶಾಸಕರು ಎಂಬುದು ಗೊತ್ತಾಗುತ್ತದೆ:

ದಕ್ಷಿಣ ಕನ್ನಡ: 18.97 ಲಕ್ಷ ಜನ, 8 ಕ್ಷೇತ್ರ
ಹಾಸನ: 17.21 ಲಕ್ಷ ಜನ, 7 ಕ್ಷೇತ್ರ
ಶಿವಮೊಗ್ಗ: 16.42 ಲಕ್ಷ ಜನ, 7 ಕ್ಷೇತ್ರ
ಚಿಕ್ಕಮಗಳೂರು: 11.40 ಲಕ್ಷ ಜನ, 5 ಕ್ಷೇತ್ರ
ಉಡುಪಿ: 11.12 ಲಕ್ಷ ಜನ, 5 ಕ್ಷೇತ್ರ

ಈ ಪಟ್ಟಿಯನ್ನು ಎಂಟರ ಕಣ್ಣಿನಿಂದ ನೋಡಿ. ದಕ್ಷಿಣ ಕನ್ನಡಕ್ಕೆ ಸರಿಯಾಗಿ 8 ಬಂತು. ಇಡೀ ಜಿಲ್ಲೆಯೇ ಒಂದು ಲೋಕಸಭಾ ಕ್ಷೇತ್ರವಾಯಿತು, ಮಂಗಳೂರು ಎಂಬ ಹಳೆಯ ಹೆಸರು ಹೋಗಿ ದಕ್ಷಿಣ ಕನ್ನಡ ಎಂದಾಯಿತು. ಹಿಂದೆ ಮಂಗಳೂರು ಕ್ಷೇತ್ರದಲ್ಲಿದ್ದ ಕೊಡಗು ಮೈಸೂರಿಗೆ ಸೇರಿತು.

ದಕ್ಷಿಣದ ನೆರೆಯಲ್ಲಿ ಜಾಗ ಭರ್ತಿಯಾದ ಮೇಲೆ ಉಡುಪಿಯ 5 ಕ್ಷೇತ್ರಗಳಿಗೆ ಇನ್ನೂ 3 ಬೇಕಿತ್ತು. ಘಟ್ಟದ ಮೇಲೆ ಚಿಕ್ಕಮಗಳೂರಿನದ್ದೂ ಅದೇ ಸ್ಥಿತಿ: 5 ಇವೆ, 3 ಬೇಕು. ಎರಡನ್ನೂ ಕೂಡಿಸಿದರೆ 10, ಅಂದರೆ 2 ಹೆಚ್ಚು. ಪಕ್ಕದ ಶಿವಮೊಗ್ಗಕ್ಕೆ 1 ಕಡಿಮೆ, ಹಾಸನಕ್ಕೂ 1 ಕಡಿಮೆ.

ಉಡುಪಿಯ ಉತ್ತರ ತುದಿಯ ಬೈಂದೂರು ಶಿವಮೊಗ್ಗ ಜಿಲ್ಲೆಗೆ ತಾಗಿಕೊಂಡಿದೆ. ಚಿಕ್ಕಮಗಳೂರಿನ ಬಯಲುಸೀಮೆಯ ಕಡೂರು ಹಾಸನ ಜಿಲ್ಲೆಯ ಅರಸೀಕೆರೆಗೆ ತಾಗಿಕೊಂಡಿದೆ. ಬೈಂದೂರು ಶಿವಮೊಗ್ಗಕ್ಕೆ, ಕಡೂರು ಹಾಸನಕ್ಕೆ ಹೋದವು. ನಾಲ್ಕು ಜಿಲ್ಲೆಗಳ 24 ವಿಧಾನಸಭಾ ಕ್ಷೇತ್ರಗಳು ಎಂಟೆಂಟರಂತೆ ಮೂರು ಲೋಕಸಭಾ ಕ್ಷೇತ್ರಗಳಾದವು. ಲೆಕ್ಕ ಚುಕ್ತಾ.

ಇದು ಇಲ್ಲಿ ಮಾತ್ರ ನಡೆದದ್ದಲ್ಲ. ಉತ್ತರ ಕನ್ನಡ ಜಿಲ್ಲೆಗೆ 6 ಕ್ಷೇತ್ರಗಳು ಬಂದವು. ಬೆಳಗಾವಿ ಜಿಲ್ಲೆಗೆ 18 ಬಂದು, ಬೆಳಗಾವಿ ಮತ್ತು ಚಿಕ್ಕೋಡಿಗೆ ಎಂಟೆಂಟು ಕೊಟ್ಟ ಮೇಲೆ 2 ಉಳಿದವು. ಹೀಗಾಗಿ ಖಾನಾಪುರ ಮತ್ತು ಕಿತ್ತೂರು ಉತ್ತರ ಕನ್ನಡ ಲೋಕಸಭಾ ಕ್ಷೇತ್ರದಲ್ಲಿವೆ.

ಕ್ಷೇತ್ರದ ಒಳಗೆ ಏನೇನಿದೆ?

ಉಡುಪಿ-ಚಿಕ್ಕಮಗಳೂರು ಕ್ಷೇತ್ರದಲ್ಲಿ ಉಡುಪಿ ಜಿಲ್ಲೆಯ ಕುಂದಾಪುರ, ಉಡುಪಿ, ಕಾಪು, ಕಾರ್ಕಳ ಹಾಗೂ ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ ಸೇರಿವೆ. ಕರಾವಳಿಯಿಂದ ನಾಲ್ಕು, ಘಟ್ಟದ ಮೇಲಿನಿಂದ ನಾಲ್ಕು. ಇವುಗಳಲ್ಲಿ ಮೂಡಿಗೆರೆ ಪರಿಶಿಷ್ಟ ಜಾತಿಗೆ ಮೀಸಲು.

ಎರಡು ಭಾಗಗಳನ್ನು ಹೊಲಿದಿರುವುದು ಕುದುರೆಮುಖದ ಕಾಡು. ಕಾರ್ಕಳದಿಂದ ಬಜಗೋಳಿ, ಮಾಳ ದಾಟಿ ರಾಷ್ಟ್ರೀಯ ಉದ್ಯಾನದೊಳಗಿನ ರಸ್ತೆಯಲ್ಲಿ ಸಾಗಿದರೆ ಶೃಂಗೇರಿ ಸಿಗುತ್ತದೆ. ಆಗುಂಬೆ ಘಾಟಿ ಹತ್ತಿದರೂ ಶೃಂಗೇರಿಗೆ ಹೋಗಬಹುದು. ಆದರೆ ಆಗುಂಬೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಅಂದರೆ ಶಿವಮೊಗ್ಗ ಲೋಕಸಭಾ ಕ್ಷೇತ್ರದಲ್ಲಿ. ಆ ದಾರಿ ಹಿಡಿದರೆ ಒಂದೇ ಕ್ಷೇತ್ರದ ಈ ತುದಿಯಿಂದ ಆ ತುದಿಗೆ ಹೋಗುವಾಗ ನಡುವೆ ಇನ್ನೊಂದು ಕ್ಷೇತ್ರವನ್ನು ದಾಟಬೇಕು.

ಜನರ ಬದುಕೂ ಬೇರೆ ಬೇರೆ. ಮಲ್ಪೆ ಬಂದರಿನ ಮೀನುಗಾರರಿಗೆ ಡೀಸೆಲ್ ಸಬ್ಸಿಡಿ, ಬಂದರಿನ ಹೂಳು, ಕರಾವಳಿ ನಿಯಂತ್ರಣ ವಲಯದ ನಿಯಮಗಳು ಮುಖ್ಯ. ಮೂಡಿಗೆರೆಯ ಬೆಳೆಗಾರರಿಗೆ ಕಾಫಿ ದರ, ಕಾಡಾನೆ ಹಾವಳಿ ಮುಖ್ಯ. ಶೃಂಗೇರಿ, ಕೊಪ್ಪದ ಅಡಿಕೆ ಬೆಳೆಗಾರರಿಗೆ ಹಳದಿ ಎಲೆ ರೋಗ, ಕಸ್ತೂರಿರಂಗನ್ ವರದಿಯ ಚಿಂತೆ. ಇವೆಲ್ಲ ಕೇಂದ್ರ ಸರ್ಕಾರದ ಮುಂದೆ ಹೋಗಬೇಕಾದ ವಿಷಯಗಳು. ಎಲ್ಲವನ್ನೂ ಒಯ್ಯಬೇಕಾದವರು ಒಬ್ಬರೇ ಸಂಸದರು.

ಯಾರು ಗೆದ್ದರು?

ಹೊಸ ಕ್ಷೇತ್ರದ ಮೊದಲ ಚುನಾವಣೆ 2009ರಲ್ಲಿ ನಡೆಯಿತು. ಬಿಜೆಪಿಯ ಡಿ.ವಿ. ಸದಾನಂದ ಗೌಡರು ಕಾಂಗ್ರೆಸ್‌ನ ಕೆ. ಜಯಪ್ರಕಾಶ್ ಹೆಗ್ಡೆ ಅವರನ್ನು ಸುಮಾರು 27 ಸಾವಿರ ಮತಗಳಿಂದ ಸೋಲಿಸಿದರು. 2011ರಲ್ಲಿ ಸದಾನಂದ ಗೌಡರು ಮುಖ್ಯಮಂತ್ರಿಯಾಗಿ ಲೋಕಸಭೆಗೆ ರಾಜೀನಾಮೆ ಕೊಟ್ಟರು. 2012ರ ಉಪಚುನಾವಣೆಯಲ್ಲಿ ಜಯಪ್ರಕಾಶ್ ಹೆಗ್ಡೆ ಗೆದ್ದರು. ಈ ಕ್ಷೇತ್ರದಲ್ಲಿ ಕಾಂಗ್ರೆಸ್ ಈವರೆಗೆ ಗೆದ್ದಿರುವುದು ಅದೊಂದೇ ಬಾರಿ.

2014 ಮತ್ತು 2019ರಲ್ಲಿ ಬಿಜೆಪಿಯ ಶೋಭಾ ಕರಂದ್ಲಾಜೆ, 2024ರಲ್ಲಿ ಅದೇ ಪಕ್ಷದ ಕೋಟ ಶ್ರೀನಿವಾಸ ಪೂಜಾರಿ ಗೆದ್ದರು. 2024ರ ಗೆಲುವಿನ ಅಂತರ 2.5 ಲಕ್ಷ ಮತಗಳಿಗೂ ಹೆಚ್ಚು.

ಈ ಪಟ್ಟಿಯಲ್ಲಿ ಪಕ್ಷಕ್ಕಿಂತ ಬೇರೆ ಒಂದು ಅಂಶವನ್ನೂ ಗಮನಿಸಬೇಕು. ಗೆದ್ದ ನಾಲ್ವರೂ ಕರಾವಳಿಯ ಎರಡು ಜಿಲ್ಲೆಗಳ ಮೂಲದವರು. ಎಂಟರಲ್ಲಿ ನಾಲ್ಕು ವಿಧಾನಸಭಾ ಕ್ಷೇತ್ರಗಳಿರುವ ಚಿಕ್ಕಮಗಳೂರು ಜಿಲ್ಲೆಯ ಮೂಲದವರೊಬ್ಬರೂ ಈವರೆಗೆ ಈ ಕ್ಷೇತ್ರದಿಂದ ಲೋಕಸಭೆಗೆ ಹೋಗಿಲ್ಲ. ಹಿಂದೆ ಎರಡು ಜಿಲ್ಲೆಗಳ ಹೆಸರಿನಲ್ಲಿ ಎರಡು ಕುರ್ಚಿಗಳಿದ್ದವು, ಈಗ ಎರಡಕ್ಕೂ ಸೇರಿ ಒಂದು.

ಗಡಿಯಿಂದ ಜನರಿಗೆ ಆಗುವುದೇನು?

ವಿಧಾನಸಭಾ ಚುನಾವಣೆಯಲ್ಲಿ, ಪಂಚಾಯಿತಿ ಚುನಾವಣೆಯಲ್ಲಿ ಈ ಗೆರೆಯಿಂದ ವ್ಯತ್ಯಾಸವಿಲ್ಲ. ಪಡಿತರ ಚೀಟಿ, ಜಮೀನಿನ ಪಹಣಿ, ಜಿಲ್ಲಾಧಿಕಾರಿ ಕಚೇರಿ ಎಲ್ಲವೂ ಜಿಲ್ಲೆಯ ಪ್ರಕಾರವೇ ನಡೆಯುತ್ತವೆ. ಬೈಂದೂರಿನವರು ಆಡಳಿತದ ಕೆಲಸಕ್ಕೆ ಹೋಗುವುದು ಮಣಿಪಾಲದ ಜಿಲ್ಲಾಧಿಕಾರಿ ಕಚೇರಿಗೇ.

ವ್ಯತ್ಯಾಸ ಕಾಣುವುದು ದೆಹಲಿಯ ಕೆಲಸಗಳಲ್ಲಿ. ಕೊಂಕಣ ರೈಲ್ವೆಯ ಬೈಂದೂರು ನಿಲ್ದಾಣದಲ್ಲಿ ಮುಂಬೈ ರೈಲೊಂದು ನಿಲ್ಲಬೇಕು ಎಂದು ಊರವರು ಮನವಿ ಕೊಡಬೇಕಾದರೆ ಅವರ ಸಂಸದರು ಶಿವಮೊಗ್ಗದವರು. ಅದೇ ಮಾರ್ಗದಲ್ಲಿ ದಕ್ಷಿಣಕ್ಕಿರುವ ಕುಂದಾಪುರ ನಿಲ್ದಾಣಕ್ಕೆ ಬೇರೆ ಸಂಸದರು. ರಾಷ್ಟ್ರೀಯ ಹೆದ್ದಾರಿಯ ಸರ್ವಿಸ್ ರಸ್ತೆಗೂ ಇದೇ ಮಾತು.

ಪ್ರತಿ ಸಂಸದರಿಗೆ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ವರ್ಷಕ್ಕೆ 5 ಕೋಟಿ ರೂಪಾಯಿವರೆಗಿನ ಕೆಲಸಗಳನ್ನು ಶಿಫಾರಸು ಮಾಡುವ ಅವಕಾಶವಿದೆ. ಲೋಕಸಭಾ ಸದಸ್ಯರು ಈ ಹಣವನ್ನು ಮುಖ್ಯವಾಗಿ ತಮ್ಮ ಕ್ಷೇತ್ರದೊಳಗೇ ಕೊಡಬೇಕು. ಬೈಂದೂರಿನ ಒಂದು ಶಾಲಾ ಕೊಠಡಿ ಅಥವಾ ಕಿರುಸೇತುವೆ ಶಿವಮೊಗ್ಗ ಸಂಸದರ ಪಟ್ಟಿಯಲ್ಲಿ ಬರಬೇಕು.

ಇದರಲ್ಲಿ ನಷ್ಟವೇ ಇದೆ ಎಂದು ಹೇಳಲಾಗದು. ಕೇಂದ್ರದ ಯೋಜನೆಗಳ ಜಿಲ್ಲಾ ಮಟ್ಟದ ಪರಿಶೀಲನೆಗೆ ಇರುವ 'ದಿಶಾ' ಸಮಿತಿಯಲ್ಲಿ ಸಂಸದರಿಗೆ ಮುಖ್ಯ ಪಾತ್ರವಿದೆ. ಉಡುಪಿ ಜಿಲ್ಲೆಯ ಪರವಾಗಿ ಇಬ್ಬರು ಲೋಕಸಭಾ ಸದಸ್ಯರು ಮಾತನಾಡಬಹುದು, ಚಿಕ್ಕಮಗಳೂರಿಗೂ ಇಬ್ಬರು. ಆದರೆ ಎಂಟರಲ್ಲಿ ಒಂದಾಗಿ, ಅದೂ ಬೇರೆ ಜಿಲ್ಲೆಯಿಂದ ಸೇರಿಕೊಂಡ ಊರು ಸಂಸದರ ಓಡಾಟದ ಪಟ್ಟಿಯಲ್ಲಿ ಎಷ್ಟನೇ ಸ್ಥಾನದಲ್ಲಿರುತ್ತದೆ ಎಂಬುದು ಗೆದ್ದವರನ್ನು ಅವಲಂಬಿಸಿದೆ.

ಕಾಣೆಯಾದ ಕ್ಷೇತ್ರಗಳು

2008ರ ಪಟ್ಟಿಯಲ್ಲಿ ಕೆಲವು ಪರಿಚಿತ ಹೆಸರುಗಳೇ ಇರಲಿಲ್ಲ. ಉಡುಪಿಯ ಬ್ರಹ್ಮಾವರ, ದಕ್ಷಿಣ ಕನ್ನಡದ ವಿಟ್ಲ, ಚಿಕ್ಕಮಗಳೂರಿನ ಬೀರೂರು, ಹಾಸನದ ಗಂಡಸಿ ವಿಧಾನಸಭಾ ಕ್ಷೇತ್ರಗಳು ರದ್ದಾದವು. ಅವುಗಳ ಊರುಗಳು ಅಕ್ಕಪಕ್ಕದ ಕ್ಷೇತ್ರಗಳಿಗೆ ಹಂಚಿಹೋದವು.

ಕಾರಣ ಸರಳ. ರಾಜ್ಯದ ಒಟ್ಟು ಸ್ಥಾನಗಳು 224ರಲ್ಲೇ ನಿಂತಿದ್ದವು. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 65 ಲಕ್ಷ ದಾಟಿದ್ದರಿಂದ ಅದಕ್ಕೆ 28 ಸ್ಥಾನ ಕೊಡಬೇಕಾಯಿತು. ಅಲ್ಲಿ ಹೆಚ್ಚಾದಷ್ಟು ಬೇರೆಡೆ ಕಡಿಮೆಯಾಗಲೇಬೇಕು. ಬೆಂಗಳೂರು ಕೇಂದ್ರ ಎಂಬ ಲೋಕಸಭಾ ಕ್ಷೇತ್ರ ಹುಟ್ಟಿದ್ದೂ ಇದೇ ಮರುವಿಂಗಡಣೆಯಲ್ಲಿ. ಕರಾವಳಿ, ಮಲೆನಾಡಿನ ಯುವಕರು ಕೆಲಸ ಹುಡುಕಿ ಬೆಂಗಳೂರು, ಮುಂಬೈ, ಪುಣೆಗೆ ಹೋದಂತೆ ಊರಿನ ಜನಸಂಖ್ಯೆ ನಿಧಾನವಾಗಿ ಬೆಳೆಯಿತು. ಪ್ರತಿನಿಧಿಗಳ ಸಂಖ್ಯೆಯೂ ಅವರ ಹಿಂದೆಯೇ ನಗರಕ್ಕೆ ಹೋಯಿತು.

ಬ್ರಹ್ಮಾವರದ ವಿಷಯದಲ್ಲಿ ಇನ್ನೊಂದು ತಿರುವಿದೆ. 2018ರಲ್ಲಿ ಬ್ರಹ್ಮಾವರ ಹೊಸ ತಾಲ್ಲೂಕಾಯಿತು. ಆದರೆ ಅದೇ ಹೆಸರಿನ ವಿಧಾನಸಭಾ ಕ್ಷೇತ್ರ ಮರಳಿ ಬರಲಿಲ್ಲ. ತಾಲ್ಲೂಕು ರಚಿಸುವುದು ರಾಜ್ಯ ಸರ್ಕಾರದ ಅಧಿಕಾರ. ಕ್ಷೇತ್ರದ ಗಡಿ ಬದಲಿಸಲು ಹೊಸ ಮರುವಿಂಗಡಣೆಯೇ ಆಗಬೇಕು.

ಆಕ್ಷೇಪಿಸಲು ಅವಕಾಶವಿತ್ತೇ?

ಇತ್ತು. ಆಯೋಗ ತನ್ನ ಕರಡು ಪ್ರಸ್ತಾವವನ್ನು ರಾಜಪತ್ರದಲ್ಲಿ ಪ್ರಕಟಿಸಬೇಕು, ಆಕ್ಷೇಪಣೆಗಳನ್ನು ಪಡೆಯಬೇಕು, ಬಹಿರಂಗ ಸಭೆ ನಡೆಸಿ ಜನರ ಮಾತು ಕೇಳಬೇಕು ಎಂದು ಕಾಯ್ದೆ ಹೇಳುತ್ತದೆ. ಪ್ರತಿ ರಾಜ್ಯದಿಂದ ಐವರು ಸಂಸದರು, ಐವರು ಶಾಸಕರು ಆಯೋಗಕ್ಕೆ ಸಹ ಸದಸ್ಯರಾಗಿರುತ್ತಾರೆ. ಅವರು ಅಭಿಪ್ರಾಯ ಹೇಳಬಹುದು, ಮತ ಹಾಕುವಂತಿಲ್ಲ.

ಅಂತಿಮ ಆದೇಶ ಪ್ರಕಟವಾದ ಮೇಲೆ ಅದಕ್ಕೆ ಕಾನೂನಿನ ಬಲ ಬರುತ್ತದೆ. ಅದನ್ನು ಸಂಸತ್ತಿನಲ್ಲಿ, ವಿಧಾನಸಭೆಯಲ್ಲಿ ಮಂಡಿಸುತ್ತಾರೆ, ಆದರೆ ತಿದ್ದುವಂತಿಲ್ಲ. ಸಂವಿಧಾನದ 329ನೇ ವಿಧಿ ನ್ಯಾಯಾಲಯದ ಬಾಗಿಲನ್ನೂ ಬಹುತೇಕ ಮುಚ್ಚುತ್ತದೆ. ತೀರಾ ಮನಸೋಇಚ್ಛೆಯ, ಸಂವಿಧಾನದ ಮೌಲ್ಯಗಳಿಗೆ ವಿರುದ್ಧವಾದ ಆದೇಶವಿದ್ದರೆ ಮಾತ್ರ ಪರಿಶೀಲಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಹಾಗಾಗಿ ಹೇಳುವುದೇನಾದರೂ ಇದ್ದರೆ ಕರಡು ಹೊರಬಿದ್ದಾಗಲೇ ಹೇಳಬೇಕು.

ಮುಂದಿನ ಬಾರಿ ಏನಾಗಬಹುದು?

2008ರಲ್ಲಿ ಬದಲಾದದ್ದು ರಾಜ್ಯದೊಳಗಿನ ಗಡಿಗಳು ಮಾತ್ರ. ಯಾವ ರಾಜ್ಯಕ್ಕೆ ಎಷ್ಟು ಲೋಕಸಭಾ ಸ್ಥಾನ ಎಂಬುದು 1971ರ ಜನಗಣತಿಯ ಲೆಕ್ಕದಲ್ಲೇ ಉಳಿಯಿತು. 1976ರ 42ನೇ ತಿದ್ದುಪಡಿ ಆ ಸಂಖ್ಯೆಯನ್ನು ಮೊದಲು ಸ್ಥಗಿತಗೊಳಿಸಿತು. ನಂತರ 84ನೇ ತಿದ್ದುಪಡಿ ಅದನ್ನು 2026ರ ಬಳಿಕ ನಡೆಯುವ ಮೊದಲ ಜನಗಣತಿವರೆಗೆ ಮುಂದುವರಿಸಿತು. 2027ರ ಜನಗಣತಿಗೆ ಇಷ್ಟು ಮಹತ್ವ ಬಂದಿರುವುದು ಇದೇ ಕಾರಣಕ್ಕೆ. ಜನಸಂಖ್ಯೆಯ ಬೆಳವಣಿಗೆ ತಗ್ಗಿಸಿದ ದಕ್ಷಿಣದ ರಾಜ್ಯಗಳಿಗೆ ಸಂಸತ್ತಿನಲ್ಲಿ ಪಾಲು ಕಡಿಮೆಯಾದೀತೇ ಎಂಬುದು ದೊಡ್ಡ ಪ್ರಶ್ನೆ.

ಅದೇ ಪ್ರಶ್ನೆಯ ಚಿಕ್ಕ ರೂಪ ರಾಜ್ಯದೊಳಗೂ ಇದೆ. ಬೆಂಗಳೂರಿನ ಜನಸಂಖ್ಯೆ 2001ರಿಂದೀಚೆಗೆ ಬಹಳ ಬೆಳೆದಿದೆ. ಮಲೆನಾಡಿನಲ್ಲಿ ಬೆಳವಣಿಗೆ ತೀರಾ ಕಡಿಮೆ. ರಾಜ್ಯದ ಒಟ್ಟು ಸ್ಥಾನ ಹೆಚ್ಚದೆ ಹೊಸ ಸರಾಸರಿ ತೆಗೆದರೆ, 2008ರಲ್ಲಿ ಬ್ರಹ್ಮಾವರ, ಬೀರೂರಿಗೆ ಆದದ್ದು ಬೇರೆ ಊರುಗಳಿಗೂ ಆಗಬಹುದು. ಸ್ಥಾನ ಹೆಚ್ಚಿದರೆ ಎಂಟರ ಲೆಕ್ಕವೇ ಬದಲಾಗಬಹುದು. ಆಗ ಉಡುಪಿ ಮತ್ತು ಚಿಕ್ಕಮಗಳೂರು ಮತ್ತೆ ಬೇರೆಯಾಗಲೂಬಹುದು, ಬೈಂದೂರು ಮರಳಿ ಉಡುಪಿಯ ಜೊತೆ ಸೇರಲೂಬಹುದು.

ಹೊರನಾಡಿನವರು ತಿಳಿಯಬೇಕಾದದ್ದು

ಊರಿನಲ್ಲಿ ಮನೆ ಇದೆ ಎಂಬ ಒಂದೇ ಕಾರಣಕ್ಕೆ ಅಲ್ಲಿನ ಮತದಾರರಾಗಲು ಬರುವುದಿಲ್ಲ. ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತೀರೋ ಅಲ್ಲಿ ಹೆಸರಿರಬೇಕು ಎನ್ನುತ್ತದೆ 1950ರ ಜನಪ್ರಾತಿನಿಧ್ಯ ಕಾಯ್ದೆ. ಕೆಲಕಾಲ ಊರು ಬಿಟ್ಟು ಹೋದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಆದರೆ ಎರಡು ಕಡೆ ಹೆಸರು ಇಟ್ಟುಕೊಳ್ಳುವುದು ತಪ್ಪು. ಮುಂಬೈಯಲ್ಲೇ ನೆಲೆಸಿದ್ದರೆ ನಮೂನೆ 8 ತುಂಬಿ ಹೆಸರನ್ನು ಅಲ್ಲಿಗೆ ವರ್ಗಾಯಿಸಬಹುದು.

ಜನಗಣತಿಗೂ ಈ ಮಾತು ಅನ್ವಯಿಸುತ್ತದೆ. ಕುಂದಾಪುರದ ಹುಡುಗ ಪುಣೆಯಲ್ಲಿ ನೆಲೆಸಿದ್ದರೆ ಅವನ ತಲೆ ಲೆಕ್ಕಕ್ಕೆ ಬರುವುದು ಪುಣೆಯಲ್ಲಿ. ಮರುವಿಂಗಡಣೆ ಆಯೋಗದ ಕೈಗೆ ಸಿಗುವುದು ಆ ಅಂಕಿಯೇ. ಊರಿನಲ್ಲಿ ಉಳಿದ ಹಿರಿಯರ ಹೆಸರುಗಳಾದರೂ ಗಣತಿಯಲ್ಲಿ ಬಿಟ್ಟುಹೋಗದಂತೆ ಈ ಬಾರಿ ನೋಡಿಕೊಳ್ಳುವುದು ಒಳ್ಳೆಯದು. ಬೈಂದೂರು ಯಾವ ಸಂಸದರಿಗೆ ಮನವಿ ಕೊಡಬೇಕು ಎಂಬುದು ಮುಂದೆ ತೀರ್ಮಾನವಾಗುವುದೂ ಅದೇ ಎಣಿಕೆಯಿಂದ.